ಪಟ್ಟಿಯಲ್ಲಿಲ್ಲದ ಕಾಯಿಲೆ

ರೋಗಗಳಲ್ಲಿಯೂ ಜಾತಿಗಳಿವೆ. ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮದುವೆಯ ಪಂಕ್ತಿಯಲ್ಲಿ ಕುಳಿತು ಅದರ ವೃತ್ತಾಂತವನ್ನು ಸವಿಸ್ತಾರವಾಗಿ ಹೇಳಬಲ್ಲರು. ಸಕ್ಕರೆ ಕಾಯಿಲೆಯವರು ಹೋಳಿಗೆ ಬೇಡವೆಂದು ಕೈ ಅಡ್ಡ ಹಿಡಿಯುವಾಗ ಅದರಲ್ಲೊಂದು ಗೌರವವೂ ಇರುತ್ತದೆ. ಆದರೆ ದಿನಕ್ಕೆ ಹತ್ತು ಹನ್ನೆರಡು ಬಾರಿ ರಕ್ತ ಬೆರೆತ ಭೇದಿಯಾಗುವ, ಶೌಚಾಲಯ ಎಲ್ಲಿದೆಯೆಂದು ವಿಚಾರಿಸಿಕೊಳ್ಳದೆ ಹೊಸ್ತಿಲು ದಾಟಲಾಗದ ಮನುಷ್ಯ ತನ್ನ ಕಾಯಿಲೆಯ ಹೆಸರನ್ನು ಯಾವ ಪಂಕ್ತಿಯಲ್ಲಿಯೂ ಹೇಳಲಾರ. ಕರುಳಬಳ್ಳಿ, ಹೆತ್ತ ಕರುಳು, ಕರುಳಿನ ಕೂಗು ಎಂದು ಪ್ರೀತಿಯನ್ನೆಲ್ಲ ಕರುಳಿನಲ್ಲಿಯೇ ಇರಿಸಿದ ಭಾಷೆ ನಮ್ಮದು. ಆ ಕರುಳು ನಿಜವಾಗಿಯೂ ಹುಣ್ಣಾಗಿ ರಕ್ತ ಸುರಿಸತೊಡಗಿದಾಗ ಮಾತ್ರ ಅದೇ ಭಾಷೆ ಮೂಕವಾಗುತ್ತದೆ. ಈ ಮೌನವೇ ರೋಗಿಯ ಮೊದಲ ಶತ್ರು. ಎರಡನೆಯ ಶತ್ರು ಸರ್ಕಾರದ ಕಡತ. ಇವೆರಡರ ವಿರುದ್ಧವೂ ಈ ಲೇಖನ.

ವೈದ್ಯರು ಐ.ಬಿ.ಡಿ. ಎಂದು ಕರೆಯುವ ಕರುಳಿನ ಉರಿಯೂತದ ಕಾಯಿಲೆಯಲ್ಲಿ ಮುಖ್ಯವಾಗಿ ಎರಡು ಬಗೆ. ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್ ಒಂದು. ಬಾಯಿಯಿಂದ ಗುದದವರೆಗೆ ಜೀರ್ಣಾಂಗದ ಯಾವ ಭಾಗವನ್ನಾದರೂ ಹಿಡಿದು ಅದರ ಗೋಡೆಯ ಆಳಕ್ಕಿಳಿಯುವ ಕ್ರೋನ್ಸ್ ಕಾಯಿಲೆ ಇನ್ನೊಂದು. ಮೊದಲನೆಯದನ್ನು ಲಂಡನ್ನಿನ ಸ್ಯಾಮ್ಯುಯೆಲ್ ವಿಲ್ಕ್ಸ್ 1859ರಲ್ಲಿಯೂ ಎರಡನೆಯದನ್ನು ನ್ಯೂಯಾರ್ಕಿನ ಬರಿಲ್ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 1932ರಲ್ಲಿಯೂ ವಿವರಿಸಿದರು. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಸ್ವಂತ ಕರುಳಿನ ಮೇಲೆ ಯುದ್ಧ ಹೂಡುವುದು ಇದರ ಸ್ವರೂಪ. ಇದು ಅಂಟುರೋಗವಲ್ಲ. ಖಾರ ತಿಂದದ್ದರಿಂದ ಬಂದದ್ದೂ ಅಲ್ಲ, ಪೂರ್ವಜನ್ಮದ ಪಾಪವಂತೂ ಅಲ್ಲವೇ ಅಲ್ಲ. ಹೆಚ್ಚಾಗಿ ಹದಿನೈದರಿಂದ ಮೂವತ್ತೈದರ ಪ್ರಾಯದಲ್ಲಿ, ಅಂದರೆ ಓದು, ಉದ್ಯೋಗ, ಮದುವೆಗಳ ಹೊತ್ತಿನಲ್ಲಿ, ಇದು ಕಾಣಿಸಿಕೊಳ್ಳುತ್ತದೆ. ಔಷಧದಿಂದ ಇದನ್ನು ವರ್ಷಗಟ್ಟಲೆ ಶಮನದಲ್ಲಿಡಬಹುದು. ಬೇರುಸಹಿತ ಕೀಳುವ ಔಷಧ ಇನ್ನೂ ಇಲ್ಲ.

ಇದು ಪಾಶ್ಚಾತ್ಯರ ರೋಗ, ಸಿರಿವಂತರ ರೋಗ ಎಂಬ ಮಾತು ನಮ್ಮ ವಿದ್ಯಾವಂತರಲ್ಲಿಯೂ ಬೇರೂರಿದೆ. ಲೂಧಿಯಾನದ ವೈದ್ಯರು ಪಂಜಾಬಿನಲ್ಲಿ ಮನೆಮನೆಗೆ ಹೋಗಿ ನಡೆಸಿ 2003ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಲಕ್ಷ ಜನರಿಗೆ ಸುಮಾರು 44 ಮಂದಿ ಅಲ್ಸರೇಟಿವ್ ಕೊಲೈಟಿಸ್ ರೋಗಿಗಳು ಕಂಡುಬಂದರು. ಜಾಗತಿಕ ರೋಗಭಾರದ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 1990ರಲ್ಲಿ ಸುಮಾರು 1.3 ಲಕ್ಷವಿದ್ದ ಐ.ಬಿ.ಡಿ. ರೋಗಿಗಳು 2019ರ ವೇಳೆಗೆ ಸುಮಾರು 2.7 ಲಕ್ಷವಾದರು. ಇಷ್ಟು ಜನರನ್ನು ಪಾಶ್ಚಾತ್ಯರೆನ್ನುವುದಾದರೆ ನಮ್ಮ ಪಶ್ಚಿಮ ದಿಕ್ಕು ಬಹಳ ವಿಶಾಲವಾಗಿರಬೇಕು.

ನಾನು ಇದನ್ನು ಪುಸ್ತಕ ಓದಿ ಬರೆಯುತ್ತಿಲ್ಲ. ಇಪ್ಪತ್ತೆರಡು ವರ್ಷಗಳಿಂದ ನಾನು ಅಲ್ಸರೇಟಿವ್ ಕೊಲೈಟಿಸ್ ರೋಗಿ. ಮೊದಲ ಎರಡು ವರ್ಷಗಳು ಉಪನಗರದ ಬೇರೆ ಬೇರೆ ದವಾಖಾನೆಗಳಲ್ಲಿ ಒಮ್ಮೆ ಆಮಶಂಕೆಯೆಂದೂ ಒಮ್ಮೆ ಮೂಲವ್ಯಾಧಿಯೆಂದೂ ಗುಳಿಗೆ ನುಂಗುವುದರಲ್ಲಿ ಕಳೆದವು. ಅನಂತರ ಸರಿಯಾದ ವೈದ್ಯರು ದೊರೆತರು, ಕೊಲೊನೊಸ್ಕೋಪಿಯಾಯಿತು, ಕಾಯಿಲೆಗೊಂದು ಹೆಸರು ಬಂತು. ಆ ದಿನದಿಂದ ಇಂದಿನವರೆಗೆ ನಾನು ಕಚೇರಿಗೆ ಹೋಗಿಬರುತ್ತಿದ್ದರೆ ಅದು ನನ್ನ ಸ್ಥೈರ್ಯದಿಂದಲ್ಲ. ನಾನು ಕೇಂದ್ರ ಸರ್ಕಾರದ ಅಧಿಕಾರಿ. ನನ್ನ ಔಷಧದ ವೆಚ್ಚಕ್ಕೆ ಆಸರೆಯಿದೆ, ರಜೆಗೆ ನಿಯಮವಿದೆ, ಕಚೇರಿಯಲ್ಲಿ ನನ್ನ ಕೋಣೆಯ ಪಕ್ಕದಲ್ಲಿಯೇ ಶೌಚಾಲಯವಿದೆ. ಈ ಮೂರೂ ಇಲ್ಲದವನ ಗತಿಯೇನು ಎಂಬ ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿದೆ.

ವೃತ್ತಿಯಿಂದ ನಾನು ಲೆಕ್ಕಪರಿಶೋಧಕ. ಮೂರು ದಶಕಗಳ ಕಾಲ ಸರ್ಕಾರದ ಖರ್ಚಿನ ಪುಸ್ತಕಗಳನ್ನು ಓದಿದ ನನಗೆ ಒಂದು ಸತ್ಯ ಗೊತ್ತು: ಯಾವುದಕ್ಕೆ ನೋಂದಣಿ ಪುಸ್ತಕವಿಲ್ಲವೋ ಅದು ಸರ್ಕಾರದ ಪಾಲಿಗೆ ಅಸ್ತಿತ್ವದಲ್ಲಿಯೇ ಇಲ್ಲ. ಐ.ಬಿ.ಡಿ. ರೋಗಿಗಳ ಆರೈಕೆ ನಮ್ಮಲ್ಲಿ ಕಳಪೆಯಾಗಿರುವುದಕ್ಕೆ ಯಂತ್ರಗಳ ಕೊರತೆ ಕಾರಣವಲ್ಲ. ಮುಂಬಯಿಯಲ್ಲಿ ಎಂಡೋಸ್ಕೋಪಿ ಯಂತ್ರಗಳಿಗೆ ಬರವಿಲ್ಲ, ನಿಪುಣ ವೈದ್ಯರಿಗೂ ಬರವಿಲ್ಲ. ಬರವಿರುವುದು ಲೆಕ್ಕಕ್ಕೆ. ಯಾರು ರೋಗಿ, ಕಳೆದ ತಿಂಗಳು ಯಾಕೆ ಬರಲಿಲ್ಲ, ಔಷಧ ಮುಗಿದಿದೆಯೇ, ರಕ್ತಪರೀಕ್ಷೆಯಾಯಿತೇ ಎಂದು ಕೇಳುವ ಒಬ್ಬ ಮನುಷ್ಯ ಮತ್ತು ಒಂದು ಪುಸ್ತಕ, ಇವೆರಡು ಇಲ್ಲದಿರುವುದೇ ನಮ್ಮ ಕೊರತೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ನಿದರ್ಶನ ಬೇಕಾದರೆ ಕ್ಷಯರೋಗದತ್ತ ನೋಡಬೇಕು. ಕರುಳಿನ ಕ್ಷಯ ಮತ್ತು ಕ್ರೋನ್ಸ್ ಕಾಯಿಲೆ ಅವಳಿಗಳಂತೆ. ಅದೇ ಹೊಟ್ಟೆನೋವು, ಅದೇ ಜ್ವರ, ಅದೇ ತೂಕದ ಇಳಿತ, ಸಣ್ಣ ಕರುಳು ದೊಡ್ಡ ಕರುಳನ್ನು ಕೂಡುವ ಅದೇ ಜಾಗದಲ್ಲಿ ಅದೇ ಬಗೆಯ ಹುಣ್ಣು. ಕ್ಷಯ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ವೈದ್ಯರು ಮೊದಲು ಕ್ಷಯವನ್ನು ಶಂಕಿಸುವುದು ಸಹಜ, ಎಷ್ಟೋ ಸಲ ಅನಿವಾರ್ಯ. ಎರಡು ಮೂರು ತಿಂಗಳು ಕ್ಷಯದ ಔಷಧ ಕೊಟ್ಟು ಮತ್ತೆ ಕೊಲೊನೊಸ್ಕೋಪಿ ಮಾಡಿ, ಹುಣ್ಣು ಮಾಯದಿದ್ದರೆ ಕ್ರೋನ್ಸ್ ಎಂದು ತೀರ್ಮಾನಿಸುವುದು ತಿಳಿದವರ ಕ್ರಮ. ಆ ಎರಡನೆಯ ನೋಟವನ್ನು ಯಾರೂ ನೋಡದೆ ರೋಗಿಯನ್ನು ಆರು ತಿಂಗಳು, ಒಂಬತ್ತು ತಿಂಗಳು ಅದೇ ಔಷಧದಲ್ಲಿಡುವುದು ತಿಳಿಯದವರ ಕ್ರಮ.

ಭಾಂಡುಪಿನ ಹೋಟೆಲೊಂದರಲ್ಲಿ ದುಡಿಯುವ, ಕುಂದಾಪುರದ ಕಡೆಯ ಯುವಕನೊಬ್ಬ ನನಗೆ ಪರಿಚಿತ. ಕ್ಷಯರೋಗಿಯೆಂದು ನೋಂದಣಿಯಾಗಿದ್ದಷ್ಟು ಕಾಲ ಸರ್ಕಾರದ ಪ್ರೀತಿ ಅವನ ಮೇಲೆ ಅಪಾರವಾಗಿತ್ತು. ಔಷಧ ಉಚಿತ. ಆರೋಗ್ಯ ಕಾರ್ಯಕರ್ತೆಯ ದೂರವಾಣಿ ಕರೆ. 2012ರಲ್ಲಿ ಆರಂಭವಾದ ನಿಕ್ಷಯ್ ದಾಖಲೆಯಲ್ಲಿ ಅವನ ಹೆಸರು. 2018ರಿಂದ ಕ್ಷಯರೋಗಿಗಳಿಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡಲಾಯಿತು. 2024ರ ನವೆಂಬರಿನಿಂದ ಅದು 1000 ರೂಪಾಯಿಯಾಯಿತು. ಎಂಟು ತಿಂಗಳ ನಂತರ ಬೇರೊಬ್ಬ ವೈದ್ಯರು ಇದು ಕ್ಷಯವಲ್ಲ, ಕ್ರೋನ್ಸ್ ಎಂದು ಕಂಡುಹಿಡಿದರು. ಸತ್ಯ ತಿಳಿದ ಆ ದಿನವೇ ಅವನು ಅನಾಥನಾದ. ಹೆಸರು ಆ ಪುಸ್ತಕದಿಂದ ಹೊರಬಿತ್ತು, ಸೇರಲು ಬೇರೆ ಪುಸ್ತಕವಿರಲಿಲ್ಲ. ತಪ್ಪು ರೋಗಕ್ಕೆ ಉಚಿತವಾಗಿ ಔಷಧ ಪಡೆದವನು ಸರಿಯಾದ ರೋಗಕ್ಕೆ ಸಂಬಳದ ಅರ್ಧ ಕೊಡಬೇಕಾಯಿತು. ಕ್ಷಯದ ಕಾರ್ಯಕ್ರಮವನ್ನು ನಾನು ನಿಂದಿಸುತ್ತಿಲ್ಲ. ಮಾಡಬೇಕೆಂದರೆ ಈ ಸರ್ಕಾರಕ್ಕೆ ಮಾಡಲು ಬರುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಆ ವಿದ್ಯೆ ಇನ್ನೊಂದು ರೋಗದ ಬಾಗಿಲಲ್ಲಿ ಯಾಕೆ ಮರೆತುಹೋಗುತ್ತದೆ ಎಂದಷ್ಟೇ ಕೇಳುತ್ತೇನೆ.

ಸರ್ಕಾರದ ಪಟ್ಟಿಗಳನ್ನು ಒಂದೊಂದಾಗಿ ನೋಡೋಣ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಹಿಮೋಫಿಲಿಯಾ, ಥಲಸ್ಸೇಮಿಯಾ ಅಲ್ಲಿ ಸೇರಿರುವುದು ನ್ಯಾಯವೇ. ಐ.ಬಿ.ಡಿ. ಇಲ್ಲ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕ್ಯಾನ್ಸರ್, ಮಧುಮೇಹ, ಹೃದ್ರೋಗ, ಪಾರ್ಶ್ವವಾಯುಗಳಿವೆ, ಐ.ಬಿ.ಡಿ. ಇಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿಬಿ ವಿಧಿಯಡಿ ಚಿಕಿತ್ಸೆಯ ವೆಚ್ಚಕ್ಕೆ ವಿನಾಯಿತಿ ಕೊಟ್ಟ ಕಾಯಿಲೆಗಳ ಪಟ್ಟಿಯಲ್ಲಿಯೂ ಅದು ಸೇರಲಿಲ್ಲ. ಹಾಗಾದರೆ ಈ ಕಾಯಿಲೆಯ ಹೆಸರು ಯಾವ ಪಟ್ಟಿಯಲ್ಲಿಯೂ ಇರಲಿಲ್ಲವೇ? ಇತ್ತು. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿತ್ತು. ಮೊದಲೇ ಇದ್ದರೆ ಆರೋಗ್ಯ ವಿಮೆಯಿಂದ ಶಾಶ್ವತವಾಗಿ ಹೊರಗಿಡಲು ಕಂಪನಿಗಳಿಗೆ ಅನುಮತಿ ಕೊಟ್ಟ ಕಾಯಿಲೆಗಳ ಪಟ್ಟಿ ಅದು. ಅನುಕಂಪದ ಪಟ್ಟಿಗಳಲ್ಲೆಲ್ಲ ಮರೆತುಹೋದ ಹೆಸರು ಬಹಿಷ್ಕಾರದ ಪಟ್ಟಿಯಲ್ಲಿ ಮಾತ್ರ ಅಧಿಕಾರಿಗಳ ನೆನಪಿಗೆ ಬಂತು. ಇದಕ್ಕಿಂತ ದೊಡ್ಡ ವಿಪರ್ಯಾಸವನ್ನು ನನ್ನ ಸೇವಾವಧಿಯ ಯಾವ ಕಡತದಲ್ಲಿಯೂ ನಾನು ಕಂಡಿಲ್ಲ.

ಒಂದು ಪಟ್ಟಿಯನ್ನು ಮಾತ್ರ ಮೆಚ್ಚಬೇಕು. ಈ ರೋಗದ ಮೂಲ ಔಷಧಗಳಲ್ಲೊಂದಾದ ಮೆಸಲಮೀನ್ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಆದರೆ ಅಗತ್ಯವೆಂದು ಬರೆಯುವುದು ಬೇರೆ, ಸಾರ್ವಜನಿಕ ಆಸ್ಪತ್ರೆಯ ಔಷಧದ ಕಿಟಕಿಯಲ್ಲಿ ಅದು ಪ್ರತಿ ತಿಂಗಳೂ ಸಿಗುವುದು ಬೇರೆ. ಈ ಗುಳಿಗೆಯನ್ನು ಆರಾಮವಾದಾಗಲೂ ಬಿಡದೆ ನುಂಗಬೇಕು. ಬಿಟ್ಟವರಲ್ಲಿ ರೋಗ ಮರುಕಳಿಸುವ ಸಂಭವ ಹಲವು ಪಟ್ಟು ಹೆಚ್ಚು. ಮರುಕಳಿಸಿದಾಗ ಬಡವನ ಕೈಗೆ ಸುಲಭವಾಗಿ ಸಿಗುವುದು ಸ್ಟಿರಾಯ್ಡ್. 1955ರಲ್ಲಿ ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ ಕಾರ್ಟಿಸೋನಿನಿಂದ ಈ ರೋಗದ ಉಲ್ಬಣವನ್ನು ತಗ್ಗಿಸಬಹುದೆಂದು ತೋರಿಸಿದ್ದು ದೊಡ್ಡ ಉಪಕಾರ. ಆದರೆ ಅದು ಹೊತ್ತಿದ ಬೆಂಕಿಯನ್ನಾರಿಸುವ ನೀರು, ದಿನನಿತ್ಯದ ಊಟವಲ್ಲ. ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗಿದವರ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಅಗ್ಗವೆಂದು ಕೊಂಡ ಗುಳಿಗೆಯ ಬೆಲೆಯನ್ನು ದೇಹ ತೆರುತ್ತದೆ.

ಇನ್ನು 2018ರ ಆಯುಷ್ಮಾನ್ ಭಾರತ್ ಯೋಜನೆ. ಅದು ಆಸ್ಪತ್ರೆಗೆ ದಾಖಲಾದವನಿಗೆ; ಹೊರರೋಗಿಯ ಮಾಸಿಕ ಔಷಧಕ್ಕಲ್ಲ. ಈ ಕಾಯಿಲೆಯ ಆರೈಕೆಯೆಲ್ಲ ನಡೆಯುವುದು ಹೊರರೋಗಿ ವಿಭಾಗದಲ್ಲಿ. ಅಂದರೆ ಕರುಳನ್ನು ಉಳಿಸಿಕೊಳ್ಳಲು ಹೆಣಗುವ ಹತ್ತು ವರ್ಷ ರೋಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಕರುಳನ್ನು ಕತ್ತರಿಸಬೇಕಾದ ದಿನ ಸರ್ಕಾರಕ್ಕೆ ಅವನು ಕಾಣುತ್ತಾನೆ. ಇದು ದಯೆಯೂ ಅಲ್ಲ, ಮಿತವ್ಯಯವೂ ಅಲ್ಲ. ಲೆಕ್ಕಪರಿಶೋಧಕನಾಗಿ ನಾನು ಇದನ್ನು ದುಂದುವೆಚ್ಚವೆಂದೇ ಬರೆಯುತ್ತೇನೆ.

ಔಷಧದ ಮಾತು ಒಂದಾದರೆ ದಾರಿಯ ಮಾತು ಇನ್ನೊಂದು. ಚರ್ಚ್‌ಗೇಟಿನಿಂದ ವಿರಾರಿಗೆ 60 ಕಿಲೋಮೀಟರು. ಶಿವಾಜಿ ಟರ್ಮಿನಸ್ಸಿನಿಂದ ಕಲ್ಯಾಣಕ್ಕೆ ಹತ್ತಿರಹತ್ತಿರ ಅಷ್ಟೇ. ಈ ದಾರಿಯುದ್ದಕ್ಕೂ ಲಕ್ಷಾಂತರ ಜನರನ್ನು ಹೊತ್ತೊಯ್ಯುವ ಲೋಕಲ್ ರೈಲುಗಳಲ್ಲಿ ಶೌಚಾಲಯವಿಲ್ಲ. ಹಲಸಿನ ಹಣ್ಣು ತಿಂದು, ಇಳಿದ ನಿಲ್ದಾಣದಲ್ಲಿ ರೈಲು ತಪ್ಪಿಸಿಕೊಂಡ ಓಖಿಲ್ ಚಂದ್ರ ಸೇನರು 1909ರಲ್ಲಿ ರೈಲ್ವೆಗೆ ಬರೆದರೆನ್ನಲಾದ ಪತ್ರವನ್ನು ನಾವೆಲ್ಲ ನಕ್ಕು ಓದಿದ್ದೇವೆ. ಆ ನಗೆಯ ಹಿಂದಿನ ಸಂಕಟ ಐ.ಬಿ.ಡಿ. ರೋಗಿಗೆ ದಿನನಿತ್ಯದ್ದು. ಅವನಿಗೆ ಪಶ್ಚಿಮ ರೈಲ್ವೆಯೆಂದರೆ ನಿಲ್ದಾಣಗಳ ಸಾಲಲ್ಲ, ಶೌಚಾಲಯಗಳ ನಕ್ಷೆ. ಎಲ್ಲಿ ಬಾಗಿಲು ಮುಚ್ಚಿರುತ್ತದೆ, ಎಲ್ಲಿ ನೀರಿಲ್ಲ, ಎಲ್ಲಿ ಚಿಲ್ಲರೆ ಕೇಳುತ್ತಾರೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಚಾಳಿನಲ್ಲಿ ಇಡೀ ಮಾಳಿಗೆಗೆ ಸಾಮಾನ್ಯವಾದ ಸಂಡಾಸಿನ ಮುಂದೆ ಬೆಳಗಿನ ಸರದಿಯಲ್ಲಿ ಡಬ್ಬಿ ಹಿಡಿದು ನಿಂತ ಹೆಣ್ಣುಮಗಳಿಗೆ ಈ ಕಾಯಿಲೆಯಿದ್ದರೆ ಅವಳ ಬದುಕು ಹೇಗಿರಬೇಕೆಂದು ಓದುಗರು ಒಂದು ನಿಮಿಷ ಕಲ್ಪಿಸಿಕೊಳ್ಳಲಿ. ಅವಳು ಊಟ ಬಿಡುತ್ತಾಳೆ, ಆಮೇಲೆ ಕೆಲಸ ಬಿಡುತ್ತಾಳೆ. ಇದೇ ಮುಂಬಯಿಯಲ್ಲಿ ಮಹಿಳೆಯರ ಉಚಿತ ಮೂತ್ರಾಲಯಗಳಿಗಾಗಿ 2011ರಲ್ಲಿ ಚಳವಳಿ ಆರಂಭವಾದಾಗ ಕೆಲವರು ಹುಬ್ಬೇರಿಸಿದರು. ಆ ಮಹಿಳೆಯರು ಕೇಳಿದ್ದು ಸೌಕರ್ಯವನ್ನಲ್ಲ, ನಗರದಲ್ಲಿ ನಡೆದಾಡುವ ಹಕ್ಕನ್ನು.

ಬೇರೆಡೆ ಏನು ಮಾಡಿದರು? ಬ್ರಿಟನ್ನಿನಲ್ಲಿ 2006ರಲ್ಲಿ ಆಸ್ಪತ್ರೆಗಳ ಐ.ಬಿ.ಡಿ. ಆರೈಕೆಯ ಮೇಲೆಯೇ ರಾಷ್ಟ್ರವ್ಯಾಪಿ ಲೆಕ್ಕಪರಿಶೋಧನೆ ನಡೆಸಿದರು. ನನ್ನ ವೃತ್ತಿಯ ಪದವೇ ಅಲ್ಲಿ ರೋಗಿಯ ನೆರವಿಗೆ ಬಂತು! ಆಸ್ಪತ್ರೆಯಿಂದ ಆಸ್ಪತ್ರೆಗೆ ಇದ್ದ ಅಂತರ ಬಯಲಾಯಿತು. ಅನೇಕ ಕಡೆ ಈ ರೋಗಕ್ಕೆಂದೇ ಮೀಸಲಾದ ನರ್ಸ್ ಇರಲಿಲ್ಲ. 2009ರಲ್ಲಿ ಮಾನದಂಡಗಳನ್ನು ಬರೆದರು: ಈ ರೋಗಿಗಳಿರುವ ವಾರ್ಡಿನಲ್ಲಿ ಮೂರು ಹಾಸಿಗೆಗೆ ಕನಿಷ್ಠ ಒಂದು ಶೌಚಾಲಯ, ತಜ್ಞ ನರ್ಸ್, ಉಲ್ಬಣಿಸಿದರೆ ಕೂಡಲೇ ಕರೆ ಮಾಡಲು ದೂರವಾಣಿ. ಮತ್ತೆ ಮತ್ತೆ ಲೆಕ್ಕ ತೆಗೆದರು. ಅಮೆರಿಕದಲ್ಲಿ ಮಕ್ಕಳ ಆಸ್ಪತ್ರೆಗಳು 2007ರಿಂದ ಒಕ್ಕೂಟ ಕಟ್ಟಿಕೊಂಡು, ಪ್ರತಿ ಭೇಟಿಯ ಮಾಹಿತಿಯನ್ನು ಹಂಚಿಕೊಂಡು, ಹೊಸ ಔಷಧಕ್ಕಾಗಿ ಕಾಯದೆ ಇದ್ದ ಔಷಧಗಳನ್ನೇ ಕ್ರಮವಾಗಿ ಕೊಟ್ಟು ಶಮನದಲ್ಲಿರುವ ಮಕ್ಕಳ ಪ್ರಮಾಣವನ್ನು ಹೆಚ್ಚಿಸಿಕೊಂಡವು. ಆ ದೇಶದ ಇಲಿನಾಯ್ ರಾಜ್ಯದಲ್ಲಿ, ಅಂಗಡಿಯವರು ಶೌಚಾಲಯ ನಿರಾಕರಿಸಿ ಅವಮಾನಕ್ಕೊಳಗಾದ ಕ್ರೋನ್ಸ್ ರೋಗಿ ಬಾಲಕಿಯೊಬ್ಬಳ ಹೋರಾಟದಿಂದ 2005ರಲ್ಲಿ ಕಾಯ್ದೆಯೇ ಬಂತು: ಇಂಥ ರೋಗಿ ಕೇಳಿದರೆ ಅಂಗಡಿಯವರು ತಮ್ಮ ನೌಕರರ ಶೌಚಾಲಯವನ್ನಾದರೂ ತೆರೆಯಬೇಕು.

ಅವರದು ಶ್ರೀಮಂತ ದೇಶ ಎನ್ನಬೇಡಿ. ಪುಸ್ತಕವಿಡುವ ವಿದ್ಯೆ ಮುಂಬಯಿಗೂ ಹೊಸದಲ್ಲ. ಭಾರತದ ಮೊಟ್ಟಮೊದಲ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿ ಆರಂಭವಾದದ್ದು 1963ರಲ್ಲಿ, ಇದೇ ನಗರದಲ್ಲಿ. ಗಣಕಯಂತ್ರವಿಲ್ಲದ ಕಾಲದಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ಹೆಸರು ಕೂಡಿಸಿದ ನಗರಕ್ಕೆ ಇಂದು ಕೆ.ಇ.ಎಂ., ನಾಯರ್, ಸಯನ್, ಜೆ.ಜೆ. ಎಂಬ ನಾಲ್ಕು ದೊಡ್ಡ ಸಾರ್ವಜನಿಕ ಆಸ್ಪತ್ರೆಗಳ ಐ.ಬಿ.ಡಿ. ರೋಗಿಗಳನ್ನು ಒಂದೇ ಪುಸ್ತಕದಲ್ಲಿ ಬರೆಯುವುದು ಅಸಾಧ್ಯವೇ?

ಹಸಿವು, ಕ್ಷಯ, ಡೆಂಗಿಗಳ ದೇಶದಲ್ಲಿ ಇಂಥ ಕಾಯಿಲೆಗೆ ಆದ್ಯತೆ ಸಲ್ಲದು ಎಂಬ ವಾದ ನನಗೆ ಗೊತ್ತು. ಮೇಲ್ನೋಟಕ್ಕೆ ಇದು ಬಡವರ ಪರವಾದ ವಾದ; ಒಳಗೆ ಬಡವರ ವಿರುದ್ಧವಾದದ್ದು. ಸಿರಿವಂತ ರೋಗಿ ಹೇಗೂ ಖಾಸಗಿ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಪಡೆಯುತ್ತಾನೆ. ಅಹಮದಾಬಾದಿನ ಕಂಪನಿಯೊಂದು ಅಡಾಲಿಮುಮಾಬ್ ಎಂಬ ಜೈವಿಕ ಔಷಧದ ಪ್ರತಿರೂಪವನ್ನು 2014ರಲ್ಲಿ ಅಮೆರಿಕದ ಬೆಲೆಯ ಸುಮಾರು ಐದನೇ ಒಂದಕ್ಕೆ ಮಾರುಕಟ್ಟೆಗೆ ತಂದದ್ದು ಹೆಮ್ಮೆಯ ಸಂಗತಿ. ಆ ಐದನೇ ಒಂದೂ ಹೋಟೆಲ್ ಕಾರ್ಮಿಕನ ಕೈಗೆ ನಿಲುಕದು. ಸಾರ್ವಜನಿಕ ವ್ಯವಸ್ಥೆ ಕೈಬಿಟ್ಟರೆ ನೆಲಕ್ಕೆ ಬೀಳುವವನು ಅವನೇ. ಅಲ್ಲದೆ ನಾನು ಕೇಳುತ್ತಿರುವುದು ಹೊಸ ಕಟ್ಟಡವನ್ನಲ್ಲ. ವಾರಕ್ಕೊಂದು ನಿಗದಿತ ದಿನದ ಹೊರರೋಗಿ ವಿಭಾಗ, ಪ್ರತಿ ಆಸ್ಪತ್ರೆಗೆ ಒಬ್ಬ ತರಬೇತಾದ ನರ್ಸ್, ಒಂದು ದೂರವಾಣಿ, ಒಂದು ನೋಂದಣಿ. ಕ್ಷಯವೆಂದು ಶಂಕಿಸಿ ಔಷಧ ಕೊಟ್ಟವನಿಗೆ ಮೂರು ತಿಂಗಳೊಳಗೆ ಎರಡನೆಯ ನೋಟ. ಮೆಸಲಮೀನ್, ಅಜಥಯೋಪ್ರಿನ್ ಗುಳಿಗೆಗಳು ತಪ್ಪದೆ ಸಿಗುವ ಏರ್ಪಾಡು ಮತ್ತು ಎರಡನೆಯದಕ್ಕೆ ಕಡ್ಡಾಯವಾದ ರಕ್ತಪರೀಕ್ಷೆ. ಯಾಕೆಂದರೆ ಏಷ್ಯಾದವರಲ್ಲಿ ಹೆಚ್ಚಾಗಿ ಕಾಣುವ ಒಂದು ವಂಶವಾಹಿ ವ್ಯತ್ಯಾಸದಿಂದ ಅದು ಕೆಲವರ ಬಿಳಿ ರಕ್ತಕಣಗಳನ್ನು ಅಪಾಯಕರವಾಗಿ ಕುಗ್ಗಿಸುತ್ತದೆ. ಕೊಲೈಟಿಸ್ ದೊಡ್ಡ ಕರುಳಿನ ಬಹುಭಾಗವನ್ನು ಹಿಡಿದಿದ್ದರೆ ಎಂಟು ವರ್ಷ ಕಳೆದ ಮೇಲೆ ಕ್ಯಾನ್ಸರಿನ ಮೇಲೆ ಕಣ್ಣಿಡಲು ನಿಯತ ಕೊಲೊನೊಸ್ಕೋಪಿ. ಇದರಲ್ಲಿ ಯಾವುದು ದುಬಾರಿ? ಯಾವುದು ವಿಲಾಸ?

ಸರ್ಕಾರವನ್ನು ಬೈದು ಲೇಖನ ಮುಗಿಸುವುದು ಸುಲಭ. ಆದರೆ ನಮ್ಮ ಸಂಘಗಳ ಮಾತನ್ನೂ ಆಡದೆ ವಿಧಿಯಿಲ್ಲ. 1926ರಲ್ಲಿ ಮೈಸೂರು ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ ಕಟ್ಟಿದ ಹಿರಿಯರ ಪರಂಪರೆಯವರು ನಾವು. ಹೊಟ್ಟೆಪಾಡಿಗೆ ಬಂದ ಹುಡುಗರಿಗೆ ರಾತ್ರಿಶಾಲೆ ತೆರೆದವರ ವಾರಸುದಾರರು. ಇಂದು ನಮ್ಮ ಆರೋಗ್ಯಸೇವೆಯೆಂದರೆ ವರ್ಷಕ್ಕೊಂದು ಉಚಿತ ವೈದ್ಯಕೀಯ ಶಿಬಿರ: ರಕ್ತದೊತ್ತಡ ಅಳೆದು, ಸಕ್ಕರೆ ನೋಡಿ, ಅತಿಥಿಗೆ ಶಾಲು ಹೊದಿಸಿ, ಭಾವಚಿತ್ರ ತೆಗೆಸಿಕೊಂಡರೆ ಮುಗಿಯಿತು. ಒಂದು ದಿನದ ಶಿಬಿರದಿಂದ ಜೀವಮಾನದ ಕಾಯಿಲೆಗೆ ಪ್ರಯೋಜನವಿಲ್ಲ. ಪರಭಾಷೆಯ ಆಸ್ಪತ್ರೆಯಲ್ಲಿ ತನ್ನ ಮಲದ ಬಣ್ಣವನ್ನು, ಲೋಳೆಯನ್ನು, ರಕ್ತವನ್ನು ವಿವರಿಸಲಾಗದೆ ‘ಪೇಟ್ ಮೇ ದರ್ದ್’ ಎಂದಷ್ಟೇ ಹೇಳಿ ಮರಳುವ ಕನ್ನಡದ ತಾಯಿಯ ಜೊತೆಗೊಬ್ಬರು ಹೋಗಿ ನಿಂತರೆ ಅದು ಸೇವೆ. ರಕ್ತಭೇದಿ ಮೂರು ವಾರ ಮೀರಿದರೆ ಅದು ಮೂಲವ್ಯಾಧಿಯೆಂದು ಸುಮ್ಮನಿರಬಾರದು ಎಂದು ಕನ್ನಡದಲ್ಲಿ ನಾಲ್ಕು ಪುಟ ಅಚ್ಚುಹಾಕಿಸಿ ಹಂಚಿದರೆ ಅದು ಸೇವೆ. ಕರುಳು ತೆಗೆಸಿ ಹೊಟ್ಟೆಯ ಮೇಲೆ ಚೀಲ ಧರಿಸಿದವರನ್ನು ಸಭೆಯ ಮುಂದಿನ ಸಾಲಿನಲ್ಲಿ ಕೂರಿಸಿಕೊಂಡರೆ ಅದೂ ಸೇವೆ.

ಕೊನೆಯದಾಗಿ ನಮ್ಮ ಹೋಟೆಲು ಉದ್ಯಮಿಗಳಿಗೊಂದು ನೇರ ಮಾತು. ಎ. ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ಬೋರ್ಡಿಂಗ್ ತೆರೆದ ಕಾಲದಿಂದಲೂ ಈ ನಗರದ ಹೊಟ್ಟೆಯನ್ನು ತುಂಬಿಸಿದವರಲ್ಲಿ ನಮ್ಮವರು ಮುಂಚೂಣಿಯಲ್ಲಿದ್ದಾರೆ. ಕೊಲಾಬಾದಿಂದ ವಿರಾರಿನವರೆಗೆ, ಮುಲುಂಡದಿಂದ ಡೊಂಬಿವಿಲಿಯವರೆಗೆ ರೈಲ್ವೆ ನಿಲ್ದಾಣದ ಎದುರಿಗೊಂದು ಉಡುಪಿ ಹೋಟೆಲು ಇದ್ದೇ ಇದೆ. ಅದರ ಹಿಂದೊಂದು ಶೌಚಾಲಯವೂ ಇದೆ. ದೆಹಲಿಯ ದಕ್ಷಿಣ ನಗರಪಾಲಿಕೆ 2017ರಲ್ಲಿ ಹೋಟೆಲುಗಳ ಶೌಚಾಲಯಗಳನ್ನು ಸಾರ್ವಜನಿಕರಿಗೆ ತೆರೆಸಲು ಆದೇಶ ಹೊರಡಿಸಬೇಕಾಯಿತು. ನಮಗೆ ಆದೇಶ ಬೇಕಿಲ್ಲ. ಸಂಘಗಳು ವೈದ್ಯರ ಪತ್ರ ನೋಡಿ ಒಂದು ಸಣ್ಣ ಕಾರ್ಡು ಕೊಡಲಿ. ಅದನ್ನು ತೋರಿ ಬಂದವನಿಂದ ಒಂದು ಚಹಾವನ್ನೂ ನಿರೀಕ್ಷಿಸದೆ, ಒಂದು ಪ್ರಶ್ನೆಯನ್ನೂ ಕೇಳದೆ, ಗಲ್ಲೆಯಲ್ಲಿ ಕುಳಿತ ಮಾಲೀಕರು ಒಳಗಿನ ದಾರಿ ತೋರಿಸಲಿ. ಮುಂಬಯಿಯ ಹೋಟೆಲುಗಾರರ ಸಂಘದಲ್ಲಿ ನಮ್ಮವರ ಮಾತಿಗೆ ಬೆಲೆಯಿದೆ. ಒಂದು ಸಭೆಯಲ್ಲಿ ಆಗಬಹುದಾದ ತೀರ್ಮಾನವಿದು. ಹಸಿದವನಿಗೆ ಅನ್ನ ಹಾಕಿ ಹೆಸರು ಗಳಿಸಿದವರು, ಉಂಡ ಅನ್ನ ಉಳಿಯದವನ ಸಂಕಟಕ್ಕೂ ಬಾಗಿಲು ತೆರೆಯಬೇಕು. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯ ಕಲಾಪಪಟ್ಟಿಗೆ ಬರಲಿ. ಇಷ್ಟು ವರ್ಷ ಯಾವ ಪಟ್ಟಿಯಲ್ಲಿಯೂ ಜಾಗ ಸಿಗದ ಕಾಯಿಲೆಗೆ ಮೊದಲ ಜಾಗ ಕನ್ನಡಿಗರ ಪಟ್ಟಿಯಲ್ಲಿ ಸಿಕ್ಕಿತೆಂದಾಗಲಿ.